ಕ್ಯಾಥೊಲಿಕ್ ಕಾಲೇಜಲ್ಲಿ ಬಿಎಸ್ಸಿ ಅಥವಾ ಬಿಇ ಮಾಡ್ಬೇಕು ಅಂತಿದ್ರೆ ಅರ್ಜಿ ಹಾಕೋದು ಹೇಗೆ

ಸೆಕೆಂಡ್ ಪಿಯು ಸೈನ್ಸ್ ಓದ್ತಿರೋ ಮಕ್ಕಳಿರೋ ಮನೆಯವರು ನನ್ನ ಹತ್ರ ಮೊದಲು ಕೇಳೋದೇ ಇದು, "ನಾವು ಕ್ರಿಶ್ಚಿಯನ್ ಅಲ್ವಲ್ಲ, ಅಲ್ಲಿ ನಮ್ಮ ಮಗೂಗೆ ಸೀಟ್ ಕೊಡ್ತಾರಾ?" ಕೊಡ್ತಾರೆ. ನಮ್ಮ ಕರ್ನಾಟಕದ ಕ್ಯಾಥೊಲಿಕ್ ಕಾಲೇಜುಗಳಲ್ಲಿ ಎಲ್ಲಾ ಧರ್ಮದ ಮಕ್ಕಳೂ ಓದ್ತಿದಾರೆ, ಮೊದ್ಲಿಂದಾನೂ ಓದ್ತಿದಾರೆ. ಸಂವಿಧಾನದ 30ನೇ ವಿಧಿ ಪ್ರಕಾರ ಇವು ಅಲ್ಪಸಂಖ್ಯಾತ ಸಂಸ್ಥೆಗಳು, ಹಾಗಾಗಿ ತಮ್ಮ ಸಮುದಾಯದ ಮಕ್ಕಳಿಗೆ ಒಂದಷ್ಟು ಸೀಟ್ ಇಟ್ಕೊಳ್ಳೋ ಹಕ್ಕು ಅವ್ರಿಗಿದೆ, ಆದ್ರೆ ಉಳಿದವರಿಗೆ ಬಾಗಿಲು ಹಾಕಿದೆ ಅಂತ ಅಲ್ಲ. ನಿಜವಾದ ತೊಂದ್ರೆ ಬೇರೆ ಕಡೆ ಇದೆ, ಬಿಎಸ್ಸಿ ಅರ್ಜಿಗೂ ಬಿಇ ಅರ್ಜಿಗೂ ದಾರಿ ಬೇರೆ ಬೇರೆ, ಎರಡರ ಟೈಮೂ ಬೇರೆ, ಅದು ಗೊತ್ತಿಲ್ದೇನೇ ಒಳ್ಳೇ ಮಾರ್ಕ್ಸ್ ಇರೋ ಮಕ್ಕಳು ಸೀಟ್ ಕಳ್ಕೊಳ್ತಾರೆ.

ಮೊದಲು ಯಾವ ಕಾಲೇಜು ಅಂತ ನೋಡೋಣ. ಬಿಎಸ್ಸಿಗೆ ಆಯ್ಕೆ ಜಾಸ್ತಿ ಇದೆ. ಮಂಗಳೂರಲ್ಲಿ ಜೆಸ್ವಿಟ್ ಫಾದರ್‌ಗಳು 1880ರಲ್ಲಿ ಶುರು ಮಾಡಿದ ಸಂತ ಅಲೋಶಿಯಸ್ ಇದೆ, ಅದು 2024ರಲ್ಲಿ ಡೀಮ್ಡ್ ಯೂನಿವರ್ಸಿಟಿ (ಅಂದ್ರೆ ತಾನೇ ಡಿಗ್ರಿ ಕೊಡೋ ಸಂಸ್ಥೆ) ಆಯ್ತು. ಅಲ್ಲೇ ಹುಡುಗೀರಿಗೆ ಸಂತ ಆಗ್ನೆಸ್, 1921ರದ್ದು. ಬೆಂಗಳೂರಲ್ಲಿ 1882ರ ಸೇಂಟ್ ಜೋಸೆಫ್ಸ್, ಈಗ ಅದೂ ಯೂನಿವರ್ಸಿಟಿ. ಮೌಂಟ್ ಕಾರ್ಮೆಲ್, ಜ್ಯೋತಿ ನಿವಾಸ್, ಕ್ರಿಸ್ತು ಜಯಂತಿ ಇವೆ, ಮೈಸೂರಲ್ಲೂ ಪುತ್ತೂರಲ್ಲೂ ಸಂತ ಫಿಲೋಮಿನಾ ಇದೆ. ಇಂಜಿನಿಯರಿಂಗ್‌ಗೆ ಬಂದ್ರೆ ಲಿಸ್ಟ್ ತುಂಬಾ ಚಿಕ್ಕದು. ಮಂಗಳೂರು ಧರ್ಮಪ್ರಾಂತ್ಯ (ಬಿಷಪ್ ಅಡಿ ಬರೋ ಚರ್ಚ್ ಆಡಳಿತ) 2002ರಲ್ಲಿ ವಾಮಂಜೂರಲ್ಲಿ ಶುರು ಮಾಡಿದ ಸೇಂಟ್ ಜೋಸೆಫ್ ಇಂಜಿನಿಯರಿಂಗ್ ಕಾಲೇಜ್ ಇದೆ, ವಿಟಿಯು (ರಾಜ್ಯದ ತಾಂತ್ರಿಕ ಯೂನಿವರ್ಸಿಟಿ) ಅಡಿ ಬರತ್ತೆ. ಬೆಂಗಳೂರಿನ ಕ್ರೈಸ್ಟ್ ಯೂನಿವರ್ಸಿಟಿಯ ಕೆಂಗೇರಿ ಕ್ಯಾಂಪಸ್ ಇದೆ, ಕ್ರೈಸ್ಟ್ 2008ರಿಂದ ಡೀಮ್ಡ್. ಇನ್ನೊಂದು ಮಾತು, ಹೆಸರಲ್ಲಿ ಸೇಂಟ್ ಅಂತ ಇದ್ದ ಮಾತ್ರಕ್ಕೆ ಅದು ಕ್ಯಾಥೊಲಿಕ್ ಕಾಲೇಜು ಅಂತ ಅನ್ಕೋಬೇಡಿ. ಪ್ರಾಸ್ಪೆಕ್ಟಸ್ ತೆಗೆದು ಫಾದರ್ ಅಥವಾ ಸಿಸ್ಟರ್‌ಗಳ ಯಾವ ಸಭೆಯವರು ಅಥವಾ ಯಾವ ಧರ್ಮಪ್ರಾಂತ್ಯ ನಡೆಸ್ತಿದೆ ಅಂತ ನೋಡಿ, ಅಲ್ಲಿ ಬರೀ ಒಂದು ಟ್ರಸ್ಟ್ ಹೆಸರಿದ್ರೆ ವಿಚಾರಿಸಿ.

ಈಗ ಬಿಎಸ್ಸಿ. ಇದಕ್ಕೆ ಸಿಇಟಿ (ಇಂಜಿನಿಯರಿಂಗ್ ಥರದ ಕೋರ್ಸಿಗೆ ಇರೋ ರಾಜ್ಯದ ಪ್ರವೇಶ ಪರೀಕ್ಷೆ) ಬೇಕಿಲ್ಲ, ಕಾಲೇಜಿಗೇ ನೇರವಾಗಿ ಅರ್ಜಿ ಹಾಕೋದು. ಎಷ್ಟೋ ಕಾಲೇಜುಗಳು ಪಿಯು ರಿಸಲ್ಟ್ ಬರೋಕೆ ಮುಂಚೇನೇ ಆನ್‌ಲೈನ್ ಅಪ್ಲಿಕೇಶನ್ ಬಿಟ್ಟಿರ್ತವೆ, ಎಸ್ಸೆಸ್ಸೆಲ್ಸಿ ಮತ್ತೆ ಫಸ್ಟ್ ಪಿಯು ಮಾರ್ಕ್ಸ್ ಹಾಕಿ ಅರ್ಜಿ ತುಂಬಬೋದು, ರಿಸಲ್ಟ್ ಬಂದ್ಮೇಲೆ ಸೆಕೆಂಡ್ ಪಿಯು ಮಾರ್ಕ್ಸ್ ಅಪ್‌ಡೇಟ್ ಮಾಡಿದ್ರಾಯ್ತು. ಆಮೇಲೆ ಶಾರ್ಟ್‌ಲಿಸ್ಟ್, ಕೆಲವು ಕಡೆ ಒಂದು ಟೆಸ್ಟ್, ಬಹಳಷ್ಟು ಕಡೆ ಇಂಟರ್‌ವ್ಯೂ. ಕ್ರೈಸ್ಟ್‌ಗೆ ಅವರದೇ ಎಂಟ್ರೆನ್ಸ್ ಇದೆ. ಅದನ್ನೂ ಸಿಯುಇಟಿ ಅಂತಾನೇ ಕರೀತಾ ಬಂದಿದಾರೆ, ಎನ್‌ಟಿಎ ಅನ್ನೋ ಕೇಂದ್ರದ ಸಂಸ್ಥೆ ನಡೆಸೋ ಸೆಂಟ್ರಲ್ ಯೂನಿವರ್ಸಿಟಿಗಳ ಸಿಯುಇಟಿ ಬೇರೆ ಇದು ಬೇರೆ, ಒಂದಕ್ಕೆ ಹಾಕಿ ಇನ್ನೊಂದಕ್ಕೂ ಆಯ್ತು ಅನ್ಕೊಂಡ್ರೆ ಮೋಸ ಹೋಗ್ತೀರ.

ಫಾರ್ಮ್ ತುಂಬೋವಾಗ ಕಾಂಬಿನೇಶನ್ ವಿಷಯದಲ್ಲಿ ದಯವಿಟ್ಟು ಅವಸರ ಮಾಡ್ಬೇಡಿ. ಫಿಸಿಕ್ಸ್ ಮ್ಯಾಥ್ಸ್ ಕಂಪ್ಯೂಟರ್ ಸೈನ್ಸ್‌ಗೆ ಎಲ್ರೂ ಮುಗಿಬೀಳ್ತಾರೆ, ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾಥ್ಸ್‌ಗೆ ಪೈಪೋಟಿ ಸಾಮಾನ್ಯವಾಗಿ ಕಮ್ಮಿ, ಮುಂದೆ ಎಂಎಸ್ಸಿ ಮಾಡೋ ಮನಸ್ಸಿರೋರಿಗೆ ಅದು ತುಂಬಾ ಒಳ್ಳೇ ಬುನಾದಿ. ಹಳೇ ಕಾಲೇಜುಗಳಲ್ಲಿ ಅನುದಾನಿತ ಸೆಕ್ಷನ್ನು, ಅನುದಾನರಹಿತ ಸೆಕ್ಷನ್ನು ಅಂತ ಎರಡಿರತ್ತೆ, ಅದೇ ಕ್ಯಾಂಪಸ್ ಅದೇ ಲ್ಯಾಬ್, ಆದ್ರೆ ಅನುದಾನಿತ ಕಾಂಬಿನೇಶನ್‌ಗೆ ಫೀಸ್ ಬಹಳ ಕಮ್ಮಿ. ಇದನ್ನ ಯಾರೂ ತಾವಾಗೇ ಹೇಳಲ್ಲ, ಆಫೀಸಲ್ಲಿ ನೀವೇ ಕೇಳ್ಬೇಕು, "ಈ ಕಾಂಬಿನೇಶನ್ ಏಡೆಡಾ ಅನ್‌ಏಡೆಡಾ" ಅಂತ. ಇನ್ನೊಂದು, 2024-25ರಿಂದ ರಾಜ್ಯದ ಯೂನಿವರ್ಸಿಟಿಗಳಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ ಬಂದಿದೆ, ಡೀಮ್ಡ್ ಆಗಿರೋ ಕಡೆ ನಾಲ್ಕು ವರ್ಷದ ಆನರ್ಸ್ ಇರಬೋದು, ನಿಮ್ಮ ಕಾಲೇಜು ಯಾವುದರ ಅಡಿ ಬರತ್ತೆ ಅಂತ ನೋಡ್ಕೊಂಡೇ ಫೀಸ್ ಲೆಕ್ಕ ಹಾಕಿ.

ನಮ್ಮ ಚಿಕ್ಕಪ್ಪನ ಮಗಳ ವಿಷಯ ಹೇಳ್ತೀನಿ. ಅವಳಿಗೆ ಫಿಸಿಕ್ಸ್ ಅಂದ್ರೆ ಪ್ರಾಣ. ಒಳ್ಳೇ ಕಾಲೇಜಿಗೆ ಬಿಎಸ್ಸಿ ಅರ್ಜಿ ಹಾಕಿದ್ಲು, ಇಂಟರ್‌ವ್ಯೂಗೂ ಕರೆದ್ರು, ಆದ್ರೆ ಮನೇಲೆಲ್ಲಾ "ಸಿಇಟಿ ರ‍್ಯಾಂಕ್ ಬರ್ಲಿ, ಆಮೇಲೆ ನೋಡೋಣ" ಅಂತ ಕೂತ್ವಿ, ನಾನೂ ಹಾಗೇ ಹೇಳ್ದೆ. ರ‍್ಯಾಂಕ್ ಬಂತು, ಬೇಕಾದ ಬ್ರಾಂಚ್ ಸಿಗಲ್ಲ ಅಂತ ಗೊತ್ತಾಯ್ತು, ಓಡೋಡಿ ಹೋದ್ರೆ ಬಿಎಸ್ಸಿ ಸೀಟೆಲ್ಲಾ ತುಂಬಿತ್ತು. ಒಂದು ವರ್ಷ ಅವಳು ಇಷ್ಟ ಇಲ್ಲದ ಕೋರ್ಸಲ್ಲಿ ಕೂತು ಆಮೇಲೆ ಬಿಟ್ಲು. ಆವತ್ತಿಂದ ನಾನು ಯಾರು ಕೇಳಿದ್ರೂ ಹೇಳೋದು ಇಷ್ಟೇ, ಎರಡೂ ದಾರೀಲಿ ಒಟ್ಟಿಗೇ ನಡೀರಿ. ಬಿಎಸ್ಸಿ ಇಂಟರ್‌ವ್ಯೂಗೆ ಹೋಗಿ, ಸೀಟ್ ತಗೊಳ್ಳಿ, ಇಂಜಿನಿಯರಿಂಗ್ ಸಿಕ್ಕಿದ್ರೆ ಕ್ಯಾನ್ಸಲ್ ಮಾಡಿ. ಬಿಎಸ್ಸಿ ವಿಷಯದಲ್ಲಿ ಯುಜಿಸಿ (ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಕೇಂದ್ರದ ಸಂಸ್ಥೆ) 2018ರಲ್ಲಿ ಮಾಡಿದ ನಿಯಮ ಸಹಾಯಕ್ಕೆ ಬರತ್ತೆ. ಅದರ ಪ್ರಕಾರ ಪ್ರವೇಶದ ಕೊನೇ ದಿನಾಂಕಕ್ಕಿಂತ 15 ದಿನ ಮೊದಲೇ ಬಿಟ್ರೆ ಸಣ್ಣ ಮೊತ್ತ ಕಳೆದು ಪೂರ್ತಿ ಫೀಸ್ ವಾಪಸ್ ಕೊಡಬೇಕು, ತಡ ಆದಷ್ಟೂ ಕಮ್ಮಿ ಆಗ್ತಾ ಹೋಗತ್ತೆ, ಕೊನೇ ದಿನಾಂಕ ಕಳೆದು 30 ದಿನ ಆದ್ರೆ ಏನೂ ಬರಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳನ್ನ ಕಾಲೇಜು ಇಟ್ಕೊಳ್ಳೋ ಹಾಗೂ ಇಲ್ಲ, ನೋಡಿ ವಾಪಸ್ ಕೊಡಬೇಕು. ಕ್ಯಾನ್ಸಲ್ ಮಾಡೋವಾಗ ಫೋನಲ್ಲಿ ಹೇಳಿ ಸುಮ್ಮನಾಗ್ಬೇಡಿ, ಬರವಣಿಗೇಲಿ ಕೊಟ್ಟು ಸ್ವೀಕೃತಿ ಹಾಕಿಸ್ಕೊಳ್ಳಿ.

ಇಂಜಿನಿಯರಿಂಗ್‌ಗೆ ಮೂರು ದಾರಿ ಇದೆ. ದೊಡ್ಡದು ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ನಡೆಸೋ ಸಿಇಟಿ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ತಲಾ 60 ಮಾರ್ಕ್ಸು, ನೆಗೆಟಿವ್ ಮಾರ್ಕಿಂಗ್ ಇಲ್ಲ, ರ‍್ಯಾಂಕಲ್ಲಿ ಅರ್ಧ ಸಿಇಟಿ ಅರ್ಧ ಪಿಯು ಮಾರ್ಕ್ಸ್. ಜನರಲ್‌ನವರಿಗೆ ಪಿಯುಸೀಲಿ ಆ ಸಬ್ಜೆಕ್ಟ್‌ಗಳಲ್ಲಿ ಒಟ್ಟು 45%, ಮೀಸಲಾತಿ ಇರೋರಿಗೆ 40% ಬೇಕು. ಕ್ಯಾಥೊಲಿಕ್ ಕಾಲೇಜಿಗೆ ಅಂತ ಬೇರೆ ಸಿಇಟಿ ಅರ್ಜಿ ಇಲ್ಲ, ರ‍್ಯಾಂಕ್ ಬಂದ್ಮೇಲೆ ಆಪ್ಷನ್ ಎಂಟ್ರೀಲಿ ಆ ಕಾಲೇಜಿನ ಕೋಡ್ ಹಾಕೋದಷ್ಟೇ. ಇಲ್ಲಿ ಹೆಚ್ಚಿನೋರು ಮಾಡೋ ತಪ್ಪು ಏನಂದ್ರೆ "ನಮಗೆ ಸಿಗಲ್ಲ" ಅಂತ ಇಷ್ಟದ ಕಾಲೇಜನ್ನ ಕೆಳಗೆ ಹಾಕೋದು. ಹಾಗೆ ಮಾಡ್ಬೇಡಿ, ಸಿಸ್ಟಮ್ ಮೇಲಿಂದ ಕೆಳಗೆ ನೋಡ್ತಾ ಬರತ್ತೆ, ಮೇಲಿರೋದು ಸಿಗದಿದ್ರೆ ಕೆಳಗಿನದಕ್ಕೆ ಏನೂ ನಷ್ಟ ಆಗಲ್ಲ. ಕಳೆದ ವರ್ಷದ ಕಟ್‌ಆಫ್ ಕೆಇಎ ಸೈಟಲ್ಲೇ ಇರತ್ತೆ, ನಿಮ್ಮ ಕೆಟಗರಿ ಕಾಲಂ ನೋಡಿ, ಜನರಲ್ ಕಾಲಂ ನೋಡಿ ಹೆದರ್ಬೇಡಿ. ಸೀಟ್ ಅಲಾಟ್ ಆದ್ಮೇಲೆ ಚಾಯ್ಸ್ ಕೊಡಬೇಕು. ಚಾಯ್ಸ್ ಒಂದು ಅಂದ್ರೆ ಇದೇ ಸಾಕು ಅಂತ, ಎರಡು ಅಂದ್ರೆ ಇದಿರ್ಲಿ ಮೇಲಿನದಕ್ಕೂ ನೋಡ್ತೀನಿ ಅಂತ, ಮೂರು ಅಂದ್ರೆ ಇದು ಬೇಡ ಮುಂದಿನ ರೌಂಡಿಗೆ ಹೋಗ್ತೀನಿ ಅಂತ, ನಾಲ್ಕು ಅಂದ್ರೆ ಕೌನ್ಸೆಲಿಂಗೇ ಬೇಡ ಅಂತ. ಮೂರು ಒತ್ತೋ ಮುಂಚೆ ಅಪ್ಪ ಅಮ್ಮನ ಜೊತೆ ಕೂತು ಎರಡು ಸಲ ಮಾತಾಡಿ, ಕೈಲಿದ್ದ ಸೀಟ್ ಹೋಗತ್ತೆ.

ಎರಡನೇದು ಕಾಮೆಡ್‌ಕೆ, ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸೋ ಪರೀಕ್ಷೆ, 180 ಪ್ರಶ್ನೆ, ಮೂರು ಗಂಟೆ, ಇಲ್ಲೂ ನೆಗೆಟಿವ್ ಇಲ್ಲ, ಫೀಸ್ ಮಾತ್ರ ಸಿಇಟಿ ಸೀಟಿಗಿಂತ ಜಾಸ್ತಿ. ನಿಮ್ಮ ಕಾಲೇಜು ಆ ವರ್ಷದ ಕಾಮೆಡ್‌ಕೆ ಲಿಸ್ಟಲ್ಲಿ ಇದ್ಯಾ ಅಂತ ನೋಡ್ಕೊಂಡು ಪರೀಕ್ಷೆ ಫೀಸ್ ಕಟ್ಟಿ. ಮೂರನೇದು ಮ್ಯಾನೇಜ್‌ಮೆಂಟ್ ಸೀಟು, ಕಾಲೇಜಿಗೇ ಅರ್ಜಿ, ಅಲ್ಪಸಂಖ್ಯಾತ ಸಮುದಾಯದ ಮಕ್ಕಳಿಗೆ ಇಟ್ಟಿರೋ ಸೀಟಿನ ಬಗ್ಗೆನೂ ಅಲ್ಲೇ ಕೇಳ್ಬೇಕು. ಡೀಮ್ಡ್ ಯೂನಿವರ್ಸಿಟಿ ಆದ್ರೆ ಲೆಕ್ಕವೇ ಬೇರೆ, ಅವರದೇ ಅರ್ಜಿ, ಅವರದೇ ದಿನಾಂಕ. ಈ ಹಂತದಲ್ಲೇ "ನಂಗೆ ಅಲ್ಲಿನ ಫಾದರ್ ಗೊತ್ತು, ಸೀಟ್ ಕೊಡಿಸ್ತೀನಿ" ಅನ್ನೋರು ಬರ್ತಾರೆ. ಅವರಿಗೆ ಒಂದು ರೂಪಾಯಿ ಕೊಡ್ಬೇಡಿ. ಕ್ಯಾಪಿಟೇಶನ್ ಫೀಸ್ ತಗೊಳ್ಳೋದನ್ನ ನಮ್ಮ ರಾಜ್ಯ 1984ರಲ್ಲೇ ಕಾನೂನು ಮಾಡಿ ನಿಷೇಧಿಸಿದೆ, ಏನೇ ಕಟ್ಟೋದಿದ್ರೂ ಕಾಲೇಜಿನ ಅಕೌಂಟಿಗೆ ಕಟ್ಟಿ, ರಸೀದಿ ತಗೊಳ್ಳಿ. ಬ್ರಾಂಚ್ ಆರಿಸೋವಾಗ ಗುಣಮಟ್ಟ ನೋಡಿ ಕೊಡೋ ನ್ಯಾಕ್ ಗ್ರೇಡ್ ಒಂದೇ ನೋಡಿದ್ರೆ ಸಾಲದು, ಅದು ಇಡೀ ಕಾಲೇಜಿಂದು. ಎನ್‌ಬಿಎ ಅನ್ನೋ ಇನ್ನೊಂದು ಸಂಸ್ಥೆ ಕೊಡೋ ಮಾನ್ಯತೆ ಬ್ರಾಂಚ್ ಬ್ರಾಂಚಿಗೆ ಬೇರೆ ಇರತ್ತೆ, ಮೆಕ್ಯಾನಿಕಲ್‌ಗಿದ್ದು ಹೊಸದಾಗಿ ಶುರುವಾದ ಎಐ ಬ್ರಾಂಚಿಗೆ ಇಲ್ದಿರಬೋದು.

ಕಾಗದಪತ್ರ ಜನವರೀಲೇ ಮಾಡಿಸಿಡಿ. ನಾಡಕಚೇರಿಯಿಂದ ಜಾತಿ ಆದಾಯ ಪ್ರಮಾಣಪತ್ರ, ಅದರಲ್ಲಿರೋ ಆರ್‌ಡಿ ನಂಬರನ್ನೇ ಕೆಇಎ ಫಾರ್ಮಲ್ಲಿ ಕೇಳೋದು. ಒಂದರಿಂದ ಹತ್ತರವರೆಗೆ ಕನ್ನಡ ಮೀಡಿಯಂ ಓದಿದ್ರೆ ಅದರ ಸರ್ಟಿಫಿಕೇಟು, ಗ್ರಾಮೀಣ ಶಾಲೇಲಿ ಓದಿದ್ರೆ ಅದರದ್ದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕಾಗೋದ್ರಿಂದ ಕೊನೇ ವಾರಕ್ಕೆ ಇಟ್ಕೊಂಡ್ರೆ ಕ್ಯೂ. ಕರ್ನಾಟಕದಲ್ಲಿ ಏಳು ವರ್ಷ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ. ಸಿಬಿಎಸ್‌ಇ ಐಸಿಎಸ್‌ಇ ಮಕ್ಕಳಿಗೆ ಮೈಗ್ರೇಶನ್ ಕೂಡ ಬೇಕು. ಹತ್ತನೇ ಕ್ಲಾಸ್ ಕಾರ್ಡಲ್ಲಿ ಇರೋ ಹೆಸರೂ ಆಧಾರಲ್ಲಿ ಇರೋ ಹೆಸರೂ ಒಂದೇ ಥರ ಇದ್ಯಾ ನೋಡಿ, ಇನಿಶಿಯಲ್ ಹಿಂದೆ ಮುಂದೆ ಆಗಿದ್ರೂ ಸರಿ ಮಾಡಿಸಿ.

ಕ್ಯಾಥೊಲಿಕ್ ಕುಟುಂಬದವರು ಇನ್ನೂ ಎರಡು ರೆಡಿ ಇಟ್ಕೊಳ್ಳಿ, ಬ್ಯಾಪ್ಟಿಸಮ್ ಸರ್ಟಿಫಿಕೇಟು, ಮತ್ತೆ ನಿಮ್ಮ ಚರ್ಚಿನ ವಿಗಾರರಿಂದ (ಮುಖ್ಯ ಫಾದರಿಂದ) ಪತ್ರ. ಬೇರೆ ಊರಲ್ಲಿ ಬ್ಯಾಪ್ಟಿಸಮ್ ಆಗಿದ್ರೆ ಅಲ್ಲಿನ ಚರ್ಚಿಂದ ತರಿಸಬೇಕು, ವಾರಗಟ್ಟಲೆ ಹಿಡಿಯತ್ತೆ. ಸರ್ಕಾರಿ ಮೀಸಲಾತಿ ಇದರಿಂದ ಬರಲ್ಲ, ಅದಕ್ಕೆ ತಹಶೀಲ್ದಾರರ ಪ್ರಮಾಣಪತ್ರವೇ ಬೇಕು. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟೀಲಿ ಕ್ರಿಶ್ಚಿಯನ್ನರು 3ಬಿ, ಪರಿಶಿಷ್ಟ ಜಾತಿಯಿಂದ ಮತಾಂತರ ಆದವರು ಕೆಟಗರಿ 1. ಇದನ್ನ ಎಷ್ಟೋ ಮನೆಯವರು ಜನರಲ್ ಅಂತ ಹಾಕಿ ಕಳ್ಕೊಂಡಿದಾರೆ, ನೋಡಿದ್ರೆ ಹೊಟ್ಟೆ ಉರಿಯತ್ತೆ.

ಇಂಟರ್‌ವ್ಯೂಗೆ ಅಪ್ಪ ಅಮ್ಮನ್ನೂ ಕರೀಬೋದು. ಅಲ್ಲಿ ಬೈಬಲ್ ಪ್ರಶ್ನೆ ಕೇಳ್ತಾರೆ ಅನ್ನೋ ಭಯ ಬೇಡ. ಯಾಕೆ ಈ ಕಾಂಬಿನೇಶನ್, ಲ್ಯಾಬಲ್ಲಿ ಯಾವ ಪ್ರಯೋಗ ಇಷ್ಟ ಆಯ್ತು, ಇಂಜಿನಿಯರಿಂಗ್ ಸಿಕ್ಕಿದ್ರೆ ಬಿಟ್ಟು ಹೋಗ್ತೀಯಾ, ಇಂಥವು ಬರ್ತವೆ. ಕೊನೇ ಪ್ರಶ್ನೆಗೆ ಸುಳ್ಳು ಹೇಳ್ಬೇಡಿ. "ಸಿಇಟಿ ಬರೆದಿದೀನಿ, ಇಂಥ ಬ್ರಾಂಚ್ ಸಿಕ್ಕಿದ್ರೆ ಹೋಗ್ತೀನಿ, ಇಲ್ಲಾಂದ್ರೆ ಇದನ್ನೇ ಮನಸಿಟ್ಟು ಓದ್ತೀನಿ" ಅಂತ ನೇರವಾಗಿ ಹೇಳಿದ ಹುಡುಗಂಗೆ ಸೀಟ್ ಸಿಕ್ಕಿದ್ದನ್ನ ನಾನೇ ನೋಡಿದೀನಿ. ಇಂಗ್ಲಿಷ್ ತಡವರಿಸಿದ್ರೆ ಪರವಾಗಿಲ್ಲ, ಕನ್ನಡದಲ್ಲಿ ಹೇಳ್ಲಾ ಅಂತ ಕೇಳಿ.

ಸೇರಿದ್ಮೇಲೆ ಧರ್ಮದ ವಿಷಯ ಹೇಗೆ ಅಂತಾನೂ ಕೇಳ್ತಾರೆ. ಸಾಮಾನ್ಯವಾಗಿ ಕ್ಯಾಥೊಲಿಕ್ ಮಕ್ಕಳಿಗೆ ಧರ್ಮೋಪದೇಶದ ಕ್ಲಾಸು, ಉಳಿದವರಿಗೆ ಮೌಲ್ಯ ಶಿಕ್ಷಣ ಅಂತ ಇರತ್ತೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರೋ ಸಂಸ್ಥೇಲಿ ಯಾರನ್ನೂ ಅವರ ಒಪ್ಪಿಗೆ ಇಲ್ದೇ ಧಾರ್ಮಿಕ ಬೋಧನೆಗೆ, ಪ್ರಾರ್ಥನೆಗೆ ಕೂರಿಸೋ ಹಾಗಿಲ್ಲ, ಸಂವಿಧಾನದ 28ನೇ ವಿಧೀಲೇ ಇದೆ. ಹಾಜರಾತಿ ವಿಷಯದಲ್ಲಿ ಮಾತ್ರ ಇವರು ಬಿಗಿ, ಅದನ್ನ ಮೊದಲೇ ಮಕ್ಕಳಿಗೆ ಹೇಳಿ.

ದುಡ್ಡಿನ ಚಿಂತೆ ಇದ್ರೆ ಸಿಇಟೀಲಿ ಎಸ್‌ಎನ್‌ಕ್ಯೂ ಸೀಟ್ (ಕಮ್ಮಿ ಆದಾಯದವರಿಗೆ ಇಟ್ಟಿರೋ ಹೆಚ್ಚುವರಿ ಸೀಟು) ಕೇಳಿ, ಮನೆ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ರೆ ಟ್ಯೂಶನ್ ಫೀಸ್ ಮಾಫಿ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ಲಲ್ಲಿ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ಪಿಗೆ ಹಾಕಿ, ಅಲ್ಪಸಂಖ್ಯಾತ ಮಕ್ಕಳಿಗೆ ಅರಿವು ಸಾಲ ಯೋಜನೆ ಇದೆ. ಇವೆಲ್ಲಾ ಆದ್ಮೇಲೂ ಕಷ್ಟ ಅನ್ಸಿದ್ರೆ ಪ್ರಿನ್ಸಿಪಾಲರಿಗೆ ಒಂದು ಪುಟದ ಪತ್ರ ಬರೀರಿ, ಆದಾಯ ಪ್ರಮಾಣಪತ್ರ ಜೊತೆಗಿಡಿ. ಹಳೇ ವಿದ್ಯಾರ್ಥಿಗಳ ನಿಧಿ ಇದ್ರೆ ಅದರಿಂದ, ಇಲ್ಲಾಂದ್ರೆ ಕಂತಲ್ಲಿ ಕಟ್ಟೋ ಅವಕಾಶ ಕೊಡಿ ಅಂತ ಕೇಳಿ, ಕೇಳೋಕೆ ನಾಚ್ಕೋಬೇಡಿ.

ಹಾಸ್ಟೆಲ್ ಬೇಕಾದ್ರೆ ಅದರ ಫಾರ್ಮ್ ಬೇರೆ, ಕಾಲೇಜಿಗೆ ಸೀಟ್ ಸಿಕ್ಕಿದ್ರೆ ಹಾಸ್ಟೆಲ್ ತಾನಾಗೇ ಸಿಗಲ್ಲ. ಹುಡುಗೀರಿಗೆ ಸಿಸ್ಟರ್‌ಗಳು ನಡೆಸೋ ಹಾಸ್ಟೆಲ್‌ಗಳು ಬೇಗ ತುಂಬ್ತವೆ, ಅಡ್ಮಿಶನ್ ಫೀಸ್ ಕಟ್ಟಿದ ದಿನಾನೇ ಅಲ್ಲಿಗೂ ಹೋಗಿ ಫಾರ್ಮ್ ಕೊಟ್ಟೇ ಬಸ್ ಹತ್ತಿ.