ಮೊಮ್ಮಗಳ ಕೂದಲು, ಬೀಗಿತ್ತಿಯ ಕಳ್ಳಿ

ಮೊದಲ ದಿನವೇ ನಾನು ಮಗುವನ್ನು ಅಳಿಸಿದೆ. ಕುಂದಾಪುರದಿಂದ ತೆಂಗಿನೆಣ್ಣೆ, ಸೀಗೆಪುಡಿ, ಒತ್ತು ಹಲ್ಲಿನ ಬಾಚಣಿಗೆ ಎಲ್ಲ ಕಟ್ಟಿಕೊಂಡು ಜಮೈಕಾದ ಮ್ಯಾಂಡೆವಿಲ್‌ಗೆ ಮಗಳ ಮನೆಗೆ ಹೋಗಿದ್ದೆ. ಅಳಿಯ ಅಲ್ಲಿಯವನೇ. ಮೊಮ್ಮಗಳಿಗೆ ಆಗ ನಾಲ್ಕು ವರ್ಷ, ಕೂದಲು ಅಪ್ಪನದು. ಪೆನ್ಸಿಲ್ ಸೀಸದ ದಪ್ಪಕ್ಕೆ ಸುತ್ತಿಕೊಂಡ ಸಣ್ಣ ಸಣ್ಣ ಸುರುಳಿಗಳು. ಮಗಳ ತಲೆಯನ್ನು ಹದಿನೈದು ವರ್ಷ ಬಾಚಿದ ಕೈ ನನ್ನದು, ಇದೇನು ಮಹಾ ಅಂದುಕೊಂಡು ಒಣ ಕೂದಲಿಗೇ ಬುಡದಿಂದ ಬಾಚಣಿಗೆ ಹಾಕಿ ಎಳೆದೆ. ಕಿರುಚಿಕೊಂಡ ಮಗು ಎರಡು ದಿನ ನನ್ನ ಹತ್ತಿರ ಬರಲಿಲ್ಲ.

ಮೂರನೆಯ ದಿನ ಬೀಗಿತ್ತಿ ಬಂದರು. ಬೈಯಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ ಬೇಲಿಯಲ್ಲಿದ್ದ ಕಳ್ಳಿಯ ಎರಡು ಹಲಗೆ ಕೊಯ್ದರು. ನಮ್ಮ ಪಾಪಾಸುಕಳ್ಳಿಯ ಜಾತಿಯದೇ, ಮುಳ್ಳು ಮಾತ್ರ ಬಹಳ ಕಡಿಮೆ. ಜಮೈಕಾದಲ್ಲಿ ಅದಕ್ಕೆ 'ಟೂನಾ' ಅನ್ನುತ್ತಾರೆ, ಟ್ರಿನಿಡಾಡ್‌ನಲ್ಲಿ 'ರಾಶೆಟ್'. "ಇದರಲ್ಲಿ ತಲೆ ತೊಳೆಯೋಣ" ಅಂದಾಗ ನನಗೆ ದಿಗಿಲಾಯಿತು. ಮುಳ್ಳಿನ ಗಿಡವನ್ನು ಮಗುವಿನ ತಲೆಗೆ ಹಾಕುವುದೇ?

ಆದರೆ ಅವರು ಹಲಗೆಯನ್ನು ಉದ್ದಕ್ಕೆ ಸೀಳಿ, ಹೋಳು ಮಾಡಿ, ನೀರಿನಲ್ಲಿ ನೆನೆಸಿ ಹಿಸುಕಲು ಶುರುಮಾಡಿದಾಗ ನನ್ನ ಕಣ್ಣು ತೆರೆಯಿತು. ಬೆರಳು ಮೇಲೆತ್ತಿದರೆ ದಾರದಂತೆ ಇಳಿಯುವ ಲೋಳೆ. ಅದು ಗೊಂಪು! ನಮ್ಮಲ್ಲಿ ದಾಸವಾಳದ ಎಲೆ ಹಿಸುಕಿ ಮಾಡುವುದಿಲ್ಲವೇ, ಅಭ್ಯಂಜನದ ದಿನ ಎಣ್ಣೆತಲೆಗೆ ಹಾಕುವುದಿಲ್ಲವೇ, ಅದೇ. ಗಿಡ ಬೇರೆ, ಕೈಯ ಕೆಲಸ ಒಂದೇ.

ಸುರುಳಿ ಕೂದಲಿಗೆ ಬೇಕಾದದ್ದು ಈ ಜಾರಿಕೆ ಎಂದು ತಿಳಿಯಲು ನನಗೆ ಇನ್ನೂ ಕೆಲವು ವಾರ ಹಿಡಿಯಿತು. ನೆತ್ತಿಯಲ್ಲಿ ತಾನಾಗಿ ಒಸರುವ ಜಿಡ್ಡು ನೆಟ್ಟಗಿನ ಕೂದಲಿನಲ್ಲಿ ತುದಿವರೆಗೆ ಸಲೀಸಾಗಿ ಇಳಿಯುತ್ತದೆ. ಸುರುಳಿಯಲ್ಲಿ ಇಳಿಯುವುದಿಲ್ಲ. ಹಾಗಾಗಿ ತುದಿ ಯಾವಾಗಲೂ ಒಣಕಲು. ಒಣಗಿದ್ದಾಗ ಎಳೆದರೆ ಸುರುಳಿ ತಿರುಗುವ ಜಾಗದಲ್ಲೇ ತುಂಡಾಗುತ್ತದೆ. ಲೋಳೆ ನೀರನ್ನು ಹಿಡಿದಿಟ್ಟುಕೊಂಡು ಎಳೆ ಎಳೆಯ ನಡುವೆ ಸೇರಿಕೊಂಡರೆ ಸಿಕ್ಕು ತಾನಾಗಿ ಜಾರುತ್ತದೆ. ಬೀಗಿತ್ತಿ ತಲೆಯನ್ನು ಎಂಟು ಪಾಲು ಮಾಡಿ, ಪ್ರತಿ ಪಾಲಿಗೂ ಲೋಳೆ ಸವರಿ, ಮೊದಲು ಬೆರಳಿನಲ್ಲೇ ಬಿಡಿಸಿದರು. ಆಮೇಲೆ ಅಗಲ ಹಲ್ಲಿನ ಬಾಚಣಿಗೆ, ಅದೂ ತುದಿಯಿಂದ ಮೇಲಕ್ಕೆ. ನಾನು ಜೀವಮಾನವಿಡೀ ಬುಡದಿಂದ ಕೆಳಕ್ಕೆ ಬಾಚಿದವಳು. ಮಗು ಅಷ್ಟು ಹೊತ್ತೂ ಅವರ ಮಂಡಿಗಳ ನಡುವೆ ಕೂತು ಮಾವಿನಹಣ್ಣು ತಿನ್ನುತ್ತಿತ್ತು.

ಮರುವಾರ ನಾನೇ ಮಾಡಿದೆ. ಮುಳ್ಳಿಲ್ಲ ಎಂದು ನಂಬಿ ಬರಿಗೈಯಲ್ಲಿ ಹಿಡಿದೆ. ಕಣ್ಣಿಗೆ ಕಾಣದ ನವಿರು ಮುಳ್ಳು ಬೆರಳ ಸಂದಿಗೆಲ್ಲ ಚುಚ್ಚಿಕೊಂಡಿತು. ಈಗ ಮೊದಲು ಬೆಂಕಿಯ ಮೇಲೆ ಎರಡೂ ಕಡೆ ಹಿಡಿದು ಸುಟ್ಟು, ಒರೆಸಿ, ಸಿಪ್ಪೆ ತೆಗೆದು, ಕೊನೆಗೆ ಪಂಚೆಯ ಬಟ್ಟೆಯಲ್ಲಿ ಸೋಸುತ್ತೇನೆ. ಸೋಸುವುದನ್ನು ಮಾತ್ರ ಯಾರೂ ಬಿಡಬೇಡಿ, ಮಗುವಿನ ಕಣ್ಣಿಗೆ ಇಳಿಯುವ ನೀರು ಅದು.

ಇನ್ನು ಕಪ್ಪು ಹರಳೆಣ್ಣೆ. ಜಮೈಕಾದ ಹೆಸರು ಹೊತ್ತು ಜಗತ್ತಿನ ಅಂಗಡಿಗಳಿಗೆಲ್ಲ ಹೋಗುವುದು ಇದೇ. ಹರಳು ಗಿಡ ಮೂಲತಃ ಆಫ್ರಿಕಾದ್ದು. ಗುಲಾಮರಾಗಿ ಸಾಗಿಸಲ್ಪಟ್ಟ ಜನರ ಜೊತೆಗೆ ಅದರ ಬಳಕೆಯೂ ಈ ಕೆರಿಬಿಯನ್ ದ್ವೀಪಗಳಲ್ಲಿ ಬೇರುಬಿಟ್ಟಿತು. ಹೈಟಿಯವರೂ ಇಂಥದೇ ಎಣ್ಣೆ ತೆಗೆಯುತ್ತಾರೆ, ಅಲ್ಲಿ 'ಲ್ವಿಲ್ ಮಸ್ಕ್ರಿಟಿ' ಎಂದು ಹೆಸರು. ನಮ್ಮ ಬಯಲುಸೀಮೆಯವರು ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ತೇಲಿದ ಎಣ್ಣೆ ತೆಗೆಯುವ ಕ್ರಮವೂ ಹತ್ತಿರ ಹತ್ತಿರ ಇದೇ. ವ್ಯತ್ಯಾಸ ಹುರಿಯುವುದರಲ್ಲಿದೆ. ನಮ್ಮವರು ಹದವಾಗಿ ಹುರಿದರೆ ಇವರು ಕಾಫಿಬೀಜಕ್ಕಿಂತ ಕಪ್ಪಾಗುವವರೆಗೆ ಹುರಿಯುತ್ತಾರೆ. ಹುರಿದಾಗಿನ ಬೂದಿ ಎಣ್ಣೆಗೆ ಸೇರಿ ಆ ಬಣ್ಣ, ಆ ಹೊಗೆವಾಸನೆ.

ಬೀಗಿತ್ತಿಯ ಜೊತೆ ಕೂತು ಒಂದು ಸಲ ಪೂರ್ತಿ ಮಾಡಿದೆ. ಸುಮಾರು ಒಂದೂವರೆ ಕೆ.ಜಿ. ಬೀಜ. ಅಂಗಳದಲ್ಲಿ ಇದ್ದಿಲ ಒಲೆ, ಅದರ ಮೇಲೆ 'ಡಚ್ಚಿ' ಅನ್ನುವ ದಪ್ಪ ತಳದ ಪಾತ್ರೆ. ಬೀಜ ಸಿಡಿಯುವಾಗ ಬರುವ ಹೊಗೆ ಗಂಟಲು ಹಿಡಿಯುತ್ತದೆ, ಮನೆಯೊಳಗೆ ಮಾಡುವ ಕೆಲಸವೇ ಅಲ್ಲ. ಮರದ ಒರಳಿನಲ್ಲಿ ಕುಟ್ಟಿದಾಗ ಕಪ್ಪು ಹಿಟ್ಟು ಜಿನುಗಿ ಮುದ್ದೆಯಾಯಿತು. ಅದನ್ನು ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಎರಡು ಗಂಟೆಗೂ ಹೆಚ್ಚು ಕುದಿಸಿ, ಮೇಲೆ ಬಂದ ಎಣ್ಣೆಯನ್ನು ಸೌಟಿನಲ್ಲಿ ಬೇರೆ ಪಾತ್ರೆಗೆ ತೆಗೆದು, ನೀರಿನಂಶದ ಚಟಪಟ ನಿಲ್ಲುವವರೆಗೆ ಮತ್ತೆ ಕಾಸಿದೆವು. ಬೆಳಗ್ಗೆ ಕೂತವರು ಎದ್ದಾಗ ಸಂಜೆಯಾಗಿತ್ತು. ಸಿಕ್ಕಿದ್ದು ಅರ್ಧ ಲೀಟರಿಗಿಂತ ಕಡಿಮೆ.

ಒಂದು ಎಚ್ಚರಿಕೆ. ಹರಳುಬೀಜದಲ್ಲಿ ರೈಸಿನ್ ಎಂಬ ಕಡು ವಿಷವಿದೆ. ಅದು ನೀರಿನಲ್ಲಿ ಕರಗುವ ಪ್ರೋಟೀನ್, ಎಣ್ಣೆಗೆ ಬರುವುದಿಲ್ಲ, ಚೆನ್ನಾಗಿ ಕುದಿಸಿದರೆ ವಿಷಗುಣ ಕಳೆದುಕೊಳ್ಳುತ್ತದೆ. ಆದರೂ ಹಸಿ ಬೀಜ ಮಕ್ಕಳ ಕೈಗೆ ಸಿಗಬಾರದು. ಉಳಿದ ಹಿಂಡಿಯನ್ನು ನಾವು ಆಡು, ಕೋಳಿ ಕೆದಕದಷ್ಟು ಆಳಕ್ಕೆ ಹೂತೆವು.

ಅಷ್ಟು ಕಷ್ಟಪಟ್ಟು ತೆಗೆದ ಎಣ್ಣೆಯನ್ನು ನಾನು ಬಳಸಿದ್ದು ಮತ್ತೆ ತಪ್ಪಾಗಿ. ಎಣ್ಣೆಸ್ನಾನದ ಅಭ್ಯಾಸ ನೋಡಿ, ನೆತ್ತಿಯಿಂದ ತುದಿವರೆಗೆ ಧಾರಾಳವಾಗಿ ಸುರಿದು ತಿಕ್ಕಿದೆ. ಹರಳೆಣ್ಣೆಯಲ್ಲಿ ನೂರಕ್ಕೆ ಸುಮಾರು 85ರಿಂದ 90 ಭಾಗ ರಿಸಿನೋಲಿಕ್ ಆಮ್ಲ, ಹಾಗಾಗಿ ತೆಂಗಿನೆಣ್ಣೆಗಿಂತ ಬಹಳ ಮಂದ. ಕೂದಲು ಒಂದಕ್ಕೊಂದು ಅಂಟಿ ಮುದ್ದೆಯಾಯಿತು. ಅದನ್ನು ಬಿಡಿಸಲು ಕಳ್ಳಿಯ ಲೋಳೆ ಸಾಲಲಿಲ್ಲ, ಮೂರು ಸಲ ಶಾಂಪೂ ಹಾಕಬೇಕಾಯಿತು. ಈಗ ನನ್ನ ಲೆಕ್ಕ ಒಂದು ಪಾಲು ಹರಳೆಣ್ಣೆಗೆ ಮೂರು ಪಾಲು ತೆಂಗಿನೆಣ್ಣೆ. ಕೂದಲು ಒದ್ದೆ ಇರುವಾಗಲೇ ಅಂಗೈಯಲ್ಲಿ ನಾಲ್ಕು ಹನಿ ಉಜ್ಜಿ ತುದಿಗಳಿಗೆ ಮಾತ್ರ. ಒಳಗಿನ ನೀರು ಹಾರಿಹೋಗದಂತೆ ಮುಚ್ಚಳ ಹಾಕಿದ ಹಾಗೆ. ಇದರಿಂದ ಕೂದಲು ಹೊಸದಾಗಿ ಹುಟ್ಟುತ್ತದೆ ಎಂದು ಬಾಟಲಿಗಳ ಮೇಲೆ ಬರೆದಿರುತ್ತಾರೆ, ನಾನು ಅದನ್ನು ನಂಬಿಲ್ಲ. ತುಂಡಾಗುವುದು ಕಡಿಮೆಯಾದರೆ ಇದ್ದ ಕೂದಲೇ ಉದ್ದ ಕಾಣುತ್ತದೆ. ನನ್ನ ಮೊಮ್ಮಗಳಿಗೆ ಆದದ್ದು ಅಷ್ಟೇ, ನನಗೆ ಅಷ್ಟು ಸಾಕು. ಬೀಗಿತ್ತಿ ತಮ್ಮ ಪಾಲಿನ ಎಣ್ಣೆಗೆ ಪಿಮೆಂಟೊ ಎಲೆ, ಅಂದರೆ ಆಲ್‌ಸ್ಪೈಸ್ ಎಲೆ ಹಾಕಿ ಇಡುತ್ತಾರೆ. ಲವಂಗದ ಹಾಗೆ ಚುರುಗುಟ್ಟುವ ಅದನ್ನು ಮಗುವಿಗೆ ನಾನು ಮುಟ್ಟಿಸುವುದಿಲ್ಲ.

ಜಡೆ ನಿಲ್ಲಲು ಬೇಕಾದ ಜೆಲ್‌ಗೆ ಸಮುದ್ರಪಾಚಿ ಬಳಸುತ್ತೇವೆ. ಜಮೈಕಾದವರು ಅದನ್ನು 'ಐರಿಷ್ ಮಾಸ್' ಅಂದರೂ ನಿಜವಾದ ಐರಿಷ್ ಮಾಸ್ ಉತ್ತರ ಅಟ್ಲಾಂಟಿಕದ ತಣ್ಣೀರಿನದು. ಕೆರಿಬಿಯನ್ನಿನಲ್ಲಿ ಸಿಗುವುದು ಗ್ರಾಸಿಲೇರಿಯಾ, ಯೂಕಿಮಾ ಜಾತಿಗಳು. ನಾವು ಸಿಹಿ ಮಾಡಲು ತರುವ ಚೈನಾ ಗ್ರಾಸ್ ಬರುವುದೂ ಗ್ರಾಸಿಲೇರಿಯಾದಂಥ ಪಾಚಿಯಿಂದಲೇ. ಅಲ್ಲಿಯವರು ಇದನ್ನು ಹಾಲು, ಜಾಯಿಕಾಯಿ ಹಾಕಿ ಕುಡಿಯುತ್ತಾರೆ ಕೂಡ. ನಾನು ರಾತ್ರಿ ನೆನೆಸಿ, ಮರಳು ಹೋಗುವಂತೆ ನಾಲ್ಕೈದು ನೀರಿನಲ್ಲಿ ತೊಳೆದು, ಇಪ್ಪತ್ತು ನಿಮಿಷ ಕುದಿಸಿ, ಮಿಕ್ಸಿಯಲ್ಲಿ ತಿರುವಿ ಸೋಸುತ್ತೇನೆ. ಮೊದಲ ಸಲ ಮಾಡಿದ್ದನ್ನು ಹೊರಗೇ ಇಟ್ಟಿದ್ದೆ. ಮ್ಯಾಂಡೆವಿಲ್ 600 ಮೀಟರಿಗೂ ಎತ್ತರದ ತಂಪು ಊರಾದರೂ ಮೂರನೇ ದಿನಕ್ಕೆ ಒಣಮೀನಿನ ವಾಸನೆ ಬಂತು. ಕರಾವಳಿಯಲ್ಲಿ ಹುಟ್ಟಿದ ಮೂಗಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ವಾರಕ್ಕೆ ಎರಡು ತುಂಡು ಮಾತ್ರ ತೆಗೆಯುತ್ತೇನೆ. ನೆತ್ತಿಗೆ ಒತ್ತಿ ಸಾಲು ಸಾಲಾಗಿ ಹೆಣೆಯುವ ಜಡೆಗೆ ಇಲ್ಲಿ 'ಕೇನ್ ರೋ' ಎನ್ನುತ್ತಾರೆ, ಕಬ್ಬಿನ ಸಾಲು. ಕಬ್ಬಿನ ತೋಟಗಳಲ್ಲಿ ಜೀವ ತೇಯ್ದವರ ಮಕ್ಕಳು ತಲೆಯ ಮೇಲೆ ಆ ಹೆಸರನ್ನು ಹೊತ್ತಿರುವುದು ನೆನೆದಾಗಲೆಲ್ಲ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ. ಆ ಹೆಣಿಗೆ ನನಗಿನ್ನೂ ನೇರವಾಗಿ ಬರುವುದಿಲ್ಲ.

ಕಳೆದ ಸಲ ಹೋದಾಗ ಬೀಗಿತ್ತಿಯ ಅಂಗಳದ ಕೆಂಪು ದಾಸವಾಳ ಕಣ್ಣಿಗೆ ಬಿತ್ತು. ಅದಕ್ಕೆ ಅಲ್ಲಿ 'ಶೂ ಬ್ಲ್ಯಾಕ್' ಎಂದು ಹೆಸರು, ಎಸಳಿನಿಂದ ಚಪ್ಪಲಿ, ಶೂ ಉಜ್ಜಿ ಹೊಳಪು ಬರಿಸುತ್ತಿದ್ದರಂತೆ. ಎರಡು ಹಿಡಿ ಎಲೆ ಕಿತ್ತು ಹಿಸುಕಿ ಗೊಂಪು ಮಾಡಿ ಮುಂದಿಟ್ಟೆ. ಬೀಗಿತ್ತಿ ಬೆರಳದ್ದಿ ಮೇಲೆತ್ತಿ, ಇಳಿಯುವ ಎಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಇಷ್ಟು ವರ್ಷ ಇದರಲ್ಲಿ ಶೂ ಒರೆಸಿದೆವಲ್ಲ" ಅಂದರು. ಈಗ ಭಾನುವಾರದ ತಲೆಸ್ನಾನಕ್ಕೆ ಎರಡು ಪಾಲು ದಾಸವಾಳ, ಒಂದು ಪಾಲು ಕಳ್ಳಿ. ಸೋಸುವ ಬಟ್ಟೆ ಹಿಡಿದುಕೊಳ್ಳುವುದು ಮೊಮ್ಮಗಳ ಕೆಲಸ. "ಅಮ್ಮಮ್ಮ, ಇನ್ನೂ ಗೊಂಪು ಬರ್ತಾ ಇದೆ, ಹಿಂಡು" ಅನ್ನುತ್ತಾಳೆ.