ಬಾಲದ ಮೂಳೆ ಅಂತ ಬಾಯಿಬಿಟ್ಟು ಹೇಳಲು ನನಗೆ ಎಂಟು ತಿಂಗಳು ಬೇಕಾಯಿತು

ಬಿದ್ದಿದ್ದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಮನೆ ಮುಂದಿನ ಮೆಟ್ಟಿಲು ತೊಳೆಯುತ್ತಿದ್ದೆ. ಸೋಪಿನ ನೀರು, ನುಣ್ಣನೆ ಗ್ರಾನೈಟು, ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಮೂರು ಮೆಟ್ಟಿಲು ಜಾರಿ ಧೊಪ್ಪಂತ ಕೂತೆ. ಕಣ್ಣಿಗೆ ಕತ್ತಲೆ ಬಂತು. ಆದರೂ ಮೊದಲು ನೋಡಿದ್ದು ಎದುರು ಮನೆಯವರು ಯಾರಾದರೂ ಬಾಗಿಲಲ್ಲಿ ಇದ್ದಾರಾ ಅಂತ. ಯಾರೂ ಇರಲಿಲ್ಲ. ಎದ್ದು ಉಳಿದ ಮೆಟ್ಟಿಲೂ ತೊಳೆದೆ, ರಾತ್ರಿ ಒಬ್ಬಟ್ಟಿಗೆ ಹೂರಣವನ್ನೂ ರುಬ್ಬಿದೆ.

ಎರಡು ವಾರದಲ್ಲಿ ಹೋಗುತ್ತೆ ಅಂದುಕೊಂಡ ನೋವು ಹೋಗಲಿಲ್ಲ. ಅದರ ರೀತಿಯೇ ವಿಚಿತ್ರ. ನಿಂತರೆ ಇಲ್ಲ, ನಡೆದರೆ ಇಲ್ಲ. ಕೂತ ಐದು ನಿಮಿಷಕ್ಕೆ ಒಳಗೆ ಕೆಂಡ ಇಟ್ಟ ಹಾಗೆ. ಕುರ್ಚಿಯಿಂದ ಏಳುವ ಆ ಒಂದು ಕ್ಷಣವಂತೂ ಯಾರೋ ದಬ್ಬಣ ಚುಚ್ಚಿದಂತೆ.

ಪೆಟ್ಟು ಬಿದ್ದದ್ದು ಹೆಸರು ಹೇಳಲು ನಾಚುವ ಜಾಗಕ್ಕೆ. ಅತ್ತೆಗೆ ಬೆನ್ನು ನೋವು ಅಂದೆ. ಪಾಪ, ಅವರು ಎಳ್ಳೆಣ್ಣೆ ಕಾಯಿಸಿ ಬೆನ್ನಿಗೆ ತಿಕ್ಕಿದರು. ಆಫೀಸಲ್ಲಿ ಸೊಂಟ ನೋವು ಅಂದೆ. ಪಕ್ಕದ ಸೀಟಿನವರು ತಮ್ಮ ಸೊಂಟದ ಬೆಲ್ಟನ್ನೇ ತಂದುಕೊಟ್ಟರು. ಮೊದಲ ಡಾಕ್ಟರ ಹತ್ತಿರವೂ "ಇಲ್ಲೇ, ಕೆಳಗಡೆ" ಅಂತ ಕೈ ಆಡಿಸಿದೆ ಅಷ್ಟೆ. ಅವರು ಸೊಂಟದ ಎಕ್ಸ್‌ರೇ ಬರೆದರು. ನಾರ್ಮಲ್ ಬಂತು. "ಏನೂ ಇಲ್ಲಮ್ಮ, ಟೆನ್ಶನ್ ಕಮ್ಮಿ ಮಾಡಿಕೊಳ್ಳಿ" ಅಂದರು. ತಪ್ಪು ವಿಳಾಸ ಕೊಟ್ಟರೆ ಆಟೋದವನಾದರೂ ಎಲ್ಲಿಗೆ ಕರ್ಕೊಂಡು ಹೋಗಬೇಕು? ಹೀಗೆ ಎಂಟು ತಿಂಗಳು ಹೋಯಿತು.

ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ಹೆಣ್ಣುಮಗಳು ನೇರವಾಗಿ ಕೇಳಿದಳು, "ಅಕ್ಕ, ಬಾಲದ ಮೂಳೆ ನೋವಾ?" ಹೂಂ ಅಂದೆ. ಅಳುವೇ ಬಂದುಬಿಟ್ಟಿತು.

ಬೆನ್ನುಮೂಳೆಗಳ ಸಾಲಿನ ಕಟ್ಟಕಡೆಯ ತುಂಡು ಅದು. ಮೂರರಿಂದ ಐದು ಪುಟ್ಟ ಮೂಳೆ ಸೇರಿ ಆಗಿರುತ್ತದೆ. ಇಂಗ್ಲಿಷಿನ ಕಾಕ್ಸಿಕ್ಸ್ ಎಂಬ ಹೆಸರು ಕೋಗಿಲೆಗೆ ಗ್ರೀಕರು ಹೇಳುತ್ತಿದ್ದ ಪದದಿಂದ ಬಂದದ್ದು. ಮೂಳೆ ಅದರ ಕೊಕ್ಕಿನ ಹಾಗೆ ಬಾಗಿರುತ್ತದಂತೆ. ಈ ನೋವಿಗೆ ಕಾಕ್ಸಿಡೀನಿಯಾ ಅನ್ನುತ್ತಾರೆ. ಹೆರಿಗೆಯಲ್ಲಿ ಕ್ಲೋರೋಫಾರ್ಮ್ ಬಳಸಿ ಹೆಸರಾದ ಸ್ಕಾಟ್ಲೆಂಡಿನ ಡಾಕ್ಟರ್ ಸಿಂಪ್ಸನ್ 1859ರಲ್ಲೇ ಇದನ್ನು ಹೆಸರಿಟ್ಟು ಬರೆದಿದ್ದರು. ಗಂಡಸರಿಗಿಂತ ಹೆಂಗಸರಿಗೇ ಇದು ಜಾಸ್ತಿ. ಹೆರಿಗೆಯಲ್ಲೂ ಆ ಮೂಳೆಗೆ ಪೆಟ್ಟು ಬೀಳುವುದುಂಟು. ಇಷ್ಟು ಹಳೆಯ ಕಾಯಿಲೆಗೆ ನನಗೆ ಟೆನ್ಶನ್ ಅಂದಿದ್ದರು, ನೋಡಿ.

ಈ ಸಲ ಬೆನ್ನುಮೂಳೆಯ ಸರ್ಜನ್ ಹತ್ತಿರ ಹೋದೆ. ಅವರು ಕೇಳಿದ್ದು ಎರಡು ಎಕ್ಸ್‌ರೇ, ಎರಡೂ ಪಕ್ಕದಿಂದ. ಒಂದು ನಿಂತು, ಇನ್ನೊಂದು ಕೂತು. ಎಕ್ಸ್‌ರೇ ತೆಗೆಯುವ ಹುಡುಗ "ಕೂತು ತೆಗೆಯೋದಾ ಮೇಡಂ?" ಅಂತ ಚೀಟಿಯನ್ನು ಎರಡು ಸಲ ಓದಿದ. ಮರದ ಸ್ಟೂಲು ತಂದ. "ಎಲ್ಲಿ ನೋವು ಬರುತ್ತೋ ಹಾಗೇ ಕೂತ್ಕೊಳ್ಳಿ" ಅಂದ. ಹಿಂದಕ್ಕೆ ಒರಗಿದ ಹಾಗೆ ಕೂತೆ, ಹಲ್ಲು ಕಚ್ಚಿಕೊಂಡು. ಎರಡು ಫಿಲ್ಮನ್ನೂ ಬೆಳಕಿಗೆ ಹಿಡಿದಾಗ ನನಗೇ ಕಾಣಿಸಿತು. ನಿಂತಾಗ ಸರಿಯಾಗಿದ್ದ ಮೂಳೆ ಕೂತಾಗ ಮುಂದಕ್ಕೆ ಮಡಚಿಕೊಂಡಿತ್ತು. 25 ಡಿಗ್ರಿಗಿಂತ ಜಾಸ್ತಿ ಬಾಗಿದರೆ ಅದು ಸಡಿಲವಾಗಿದೆ ಅಂತ ಲೆಕ್ಕವಂತೆ. ನನ್ನದು ಅದನ್ನೂ ದಾಟಿತ್ತು. ನಿಂತು, ಮಲಗಿ ಮಾತ್ರ ಎಕ್ಸ್‌ರೇ ತೆಗೆಸಿಕೊಂಡು ನಾರ್ಮಲ್ ಅನ್ನಿಸಿಕೊಂಡವರು ದಯವಿಟ್ಟು ಇದನ್ನೊಂದು ಕೇಳಿ ನೋಡಿ.

ತಕ್ಷಣ ಆಪರೇಷನ್ ಅನ್ನಲಿಲ್ಲ ಅವರು. ಬಹಳಷ್ಟು ಜನಕ್ಕೆ ಆಪರೇಷನ್ ಇಲ್ಲದೆಯೇ ವಾಸಿಯಾಗುತ್ತದೆ, ಮೊದಲು ದಿಂಬು, ವ್ಯಾಯಾಮ, ಇಂಜೆಕ್ಷನ್ ನೋಡೋಣ ಅಂದರು.

ದಿಂಬಿನ ಕಥೆ ಸ್ವಲ್ಪ ಹೇಳಲೇಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುವುದು ಗಾಳಿ ತುಂಬುವ ರಿಂಗು, ಚಕ್ಕುಲಿ ಆಕಾರದ್ದು. ನನಗೆ ಅದರಲ್ಲಿ ನೋವು ಹೆಚ್ಚೇ ಆಯಿತು. ಹಿಂಬದಿಯ ಅಂಚು ಸರಿಯಾಗಿ ಆ ಮೂಳೆಗೇ ಒತ್ತುತ್ತಿತ್ತು. ಬೇಕಾದ್ದು ಹಿಂದೆ ತೆರೆದಿರುವ ದಿಂಬು. ನಮ್ಮ ಏರಿಯಾದ ಸೋಫಾ ರಿಪೇರಿ ಅಂಗಡಿಯಲ್ಲಿ ನಾಲ್ಕು ಇಂಚಿನ ಗಟ್ಟಿ ಫೋಮ್ ತಂದೆ. ಹಿಂಬದಿಯಿಂದ ಒಳಕ್ಕೆ ಒಂದು ಗೇಣು ಉದ್ದ, ನಾಲ್ಕು ಬೆರಳು ಅಗಲಕ್ಕೆ ಸ್ಕೆಚ್ ಪೆನ್ನಲ್ಲಿ ಗೀಟು ಹಾಕಿದೆ. ಕತ್ತರಿಗೆ ಬಗ್ಗಲಿಲ್ಲ. ಯಜಮಾನರು ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಕೊಯ್ದರು. ಹಳೆಯ ಚೂಡಿದಾರದ ಬಟ್ಟೆಯಲ್ಲಿ ಕವರ್ ಹೊಲಿದೆ. ಕೂತರೆ ಭಾರವೆಲ್ಲ ತೊಡೆಗೆ, ಮೂಳೆ ಗಾಳಿಯಲ್ಲಿ. ಮೆತ್ತನೆ ಫೋಮ್ ತಗೋಬೇಡಿ, ಕುಸಿದು ಮೂಳೆ ಮತ್ತೆ ಕುರ್ಚಿಗೆ ತಾಗುತ್ತದೆ.

ಬೆಂಗಳೂರು ಒಂದು ವಿಷಯದಲ್ಲಿ ನನ್ನ ಕೈ ಹಿಡಿಯಿತು. ಇಲ್ಲಿ ನಿಂತು ತಿಂದರೆ ಯಾರೂ ಏನೂ ಅನ್ಕೊಳ್ಳಲ್ಲ. ದರ್ಶಿನಿಗಳ ಎದೆಮಟ್ಟದ ಟೇಬಲ್ಲು ನನ್ನಂಥವರಿಗೇ ಮಾಡಿಸಿದ ಹಾಗಿದೆ. ಬನಶಂಕರಿಯಿಂದ ರಾಜಾಜಿನಗರಕ್ಕೆ ಮೆಟ್ರೋದಲ್ಲಿ ಹೆಚ್ಚುಕಡಿಮೆ ಅರ್ಧ ಗಂಟೆ, ನಿಂತೇ ಹೋಗುತ್ತಿದ್ದೆ. ಬಸ್ಸು ಬಿಟ್ಟೇಬಿಟ್ಟೆ. ಹಿಂದಿನ ಚಕ್ರದ ಮೇಲಿನ ಸೀಟಲ್ಲಿ ಕೂತು ಒಂದು ಹಂಪ್ ದಾಟಿದರೆ ಆ ದಿನ ಮುಗಿದಂತೆ. ಕಷ್ಟ ಬರುತ್ತಿದ್ದದ್ದು ನೆಂಟರ ಮನೆಯಲ್ಲಿ. ನಮ್ಮಲ್ಲಿ ಬಂದವರಿಗೆ ಹೇಳುವ ಮೊದಲ ಮಾತೇ "ಬನ್ನಿ, ಕೂತ್ಕೊಳ್ಳಿ". ನಿಂತರೆ ಗಡಿಬಿಡಿ ಅನ್ಕೊಳ್ಳುತ್ತಾರೆ, ಇಲ್ಲ ಧಿಮಾಕು ಅಂತಾರೆ. ಸತ್ಯನಾರಾಯಣ ಪೂಜೆಗೆ ಮಣೆ ಮೇಲೆ ಕೂರಲು ಆಗದೆ ಎರಡು ವರ್ಷ ನಮ್ಮ ಮನೆಯಲ್ಲಿ ಪೂಜೆಯನ್ನೇ ಇಟ್ಟುಕೊಳ್ಳಲಿಲ್ಲ.

ಇಂಜೆಕ್ಷನ್ ಎರಡು ಸಲ ಆಯಿತು. ಬೋರಲು ಮಲಗಿಸಿ, ಎಕ್ಸ್‌ರೇ ಪರದೆ ನೋಡುತ್ತಾ, ಮೂಳೆಯ ಮುಂದೆ ಇರುವ ನರದ ಗಂಟಿಗೆ ಕೊಡುತ್ತಾರೆ. ಮೊದಲನೆಯದು ನಾಲ್ಕು ತಿಂಗಳು ನೆಮ್ಮದಿ ಕೊಟ್ಟಿತು. ಎರಡನೆಯದು ಮೂರೇ ವಾರ. ಬಿದ್ದು ಎರಡೂವರೆ ವರ್ಷ ಆಗಿತ್ತು. ಮೂಳೆ ತೆಗೆಸಿಬಿಡೋಣ ಅಂದೆ.

ಆಪರೇಷನ್ನಿಗೆ ಕಾಕ್ಸಿಜೆಕ್ಟಮಿ ಅಂತಾರೆ. ಸರ್ಜನ್ ಏನನ್ನೂ ಮುಚ್ಚಿಡಲಿಲ್ಲ. "ಮೂಳೆ ತೆಗೆಯೋದು ದೊಡ್ಡ ವಿಷಯ ಅಲ್ಲ. ಗಾಯ ಮಾಯೋದೇ ದೊಡ್ಡದು. ಮಲದ ದಾರಿ ಪಕ್ಕದಲ್ಲೇ ಇದೆ, ಸೋಂಕು ಬೇಗ ತಗಲುತ್ತೆ" ಅಂದರು. ಪೂರ್ತಿ ಗುಣ ಕಾಣಲು ಒಂದು ವರ್ಷವೂ ಆಗಬಹುದು ಅಂತಲೂ ಹೇಳಿದರು. ಆಗ ತಲೆ ಆಡಿಸಿದೆ. ಅದರ ಅರ್ಥ ಗೊತ್ತಾಗಿದ್ದು ಆಮೇಲೆ.

ಆಸ್ಪತ್ರೆಯಲ್ಲಿ ಮೂರು ದಿನ ಇದ್ದೆ. ಎರಡು ಇಂಚಿನ ಗಾಯ. ತೆಗೆದ ಮೂಳೆಯ ಫೋಟೋ ತೋರಿಸಿದರು. ಕಿರುಬೆರಳಿನ ಅರ್ಧದಷ್ಟು, ಹುಣಸೆ ತುಂಡಿನ ಹಾಗೆ ಕೊಂಕಿತ್ತು. ಇಷ್ಟಕ್ಕಾ ಇಷ್ಟು ದಿನ ಅನ್ನಿಸಿತು.

ಮೊದಲ ಎರಡು ವಾರ ಕೂರುವ ಹಾಗಿಲ್ಲ. ಮಗ್ಗುಲಾಗಿ ಮಲಗಬೇಕು, ಮಂಡಿಗಳ ನಡುವೆ ದಿಂಬು. ಊಟ ಅಡುಗೆಕಟ್ಟೆಯ ಹತ್ತಿರ ನಿಂತು. ಭಯ ಇದ್ದದ್ದು ಕಕ್ಕಸಿನದ್ದು. ನೋವಿನ ಮಾತ್ರೆ ಮಲ ಗಟ್ಟಿ ಮಾಡುತ್ತದೆ, ಮುಕ್ಕಿದರೆ ಹೊಲಿಗೆ ಎಳೆಯುತ್ತದೆ. ರಾತ್ರಿ ಬಿಸಿನೀರಲ್ಲಿ ಇಸಬ್‌ಗೋಲ್, ಬೆಳಗ್ಗೆ ಪಪ್ಪಾಯಿ, ದಿನವಿಡೀ ನೀರು. ಆಪರೇಷನ್ನಿಗೆ ಮೊದಲೇ ಶುರು ಮಾಡಿದ್ದರೆ ಚೆನ್ನಾಗಿತ್ತು. ತೊಳೆಯುವುದಕ್ಕೆ ಕೈ ಷವರ್ ಹಾಕಿಸಿದೆವು. ತೊಳೆದ ಮೇಲೆ ಉಜ್ಜಬಾರದು, ಹತ್ತಿ ಬಟ್ಟೆ ಒತ್ತಿ ಒಣಗಿಸಬೇಕು. ಗಾಯ ನನಗೆ ಕಾಣುವುದಿಲ್ಲವಲ್ಲ, ಯಜಮಾನರು ದಿನಾ ಫೋನಿನಲ್ಲಿ ಫೋಟೋ ತೆಗೆದು ತೋರಿಸುತ್ತಿದ್ದರು. ಹದಿನೆಂಟು ವರ್ಷದ ಸಂಸಾರದಲ್ಲಿ ಉಳಿದಿದ್ದ ಚೂರುಪಾರು ನಾಚಿಕೆಯೂ ಅಲ್ಲಿಗೆ ಮುಗಿಯಿತು.

ಆ ಫೋಟೋಗಳೇ ಉಳಿಸಿದವು. ಹೊಲಿಗೆ ಬಿಚ್ಚಿದ ನಾಲ್ಕನೇ ದಿನದ ಫೋಟೋದಲ್ಲಿ ಕೆಳತುದಿ ಒಂದು ಕಡಲೆಕಾಳಿನಷ್ಟು ಬಾಯಿ ಬಿಟ್ಟಿತ್ತು, ಸುತ್ತ ಕೆಂಪು. ಹಿಂದಿನ ದಿನದ ಫೋಟೋದಲ್ಲಿ ಅದು ಇರಲಿಲ್ಲ. ಅವತ್ತೇ ಸರ್ಜನ್ ಹತ್ತಿರ ಓಡಿದೆವು, ಕಾರಿನ ಹಿಂದಿನ ಸೀಟಲ್ಲಿ ನಾನು ಮಂಡಿಯೂರಿಕೊಂಡು. ಆಂಟಿಬಯಾಟಿಕ್, ದಿನಾ ಡ್ರೆಸ್ಸಿಂಗ್. ಮುಚ್ಚಲು ಇನ್ನೂ ಮೂರು ವಾರ ಹಿಡಿಯಿತು.

ಆರನೇ ವಾರದಿಂದ ಕೂರುವ ಅಭ್ಯಾಸ. ದಿಂಬಿನ ಮೇಲೆ ಹತ್ತು ನಿಮಿಷ, ಫೋನಿನಲ್ಲಿ ಅಲಾರಂ. ಚೆನ್ನಾಗಿದ್ದ ಒಂದು ದಿನ ಸುಮ್ನೆ ಧೈರ್ಯ ಮಾಡಿ ಅರ್ಧ ಗಂಟೆ ಕೂತೆ. ಮೂರು ದಿನ ಮಲಗಿದೆ. ಎರಡನೇ ತಿಂಗಳಲ್ಲಿ ನೋವು ಮೊದಲಿಗಿಂತ ಜಾಸ್ತಿ ಅನ್ನಿಸಿ, ತಪ್ಪು ಮಾಡಿದೆ ಅಂತ ರಾತ್ರಿ ಅತ್ತಿದ್ದೂ ಉಂಟು. ಅಮ್ಮ ತುಮಕೂರಿನಿಂದ ಬಂದವರು "ಬಾಣಂತನ ಅನ್ಕೋ ಕಣೇ" ಅಂದರು. ಒಂದು ಲೆಕ್ಕಕ್ಕೆ ಸರಿಯಾಗೇ ಇತ್ತು. ಆರನೇ ತಿಂಗಳಿಗೆ ನಲವತ್ತು ನಿಮಿಷ ಕೂತೆ. ಆಫೀಸಿನಲ್ಲಿ ಎರಡು ಖಾಲಿ ಪೇಪರ್ ಕಾರ್ಟನ್ ಮೇಲೆ ಕೀಬೋರ್ಡ್ ಇಟ್ಟು ಅರ್ಧ ಕೆಲಸ ನಿಂತು ಮಾಡಿದೆ.

ಈಗ ಹದಿನಾಲ್ಕು ತಿಂಗಳಾಯಿತು. ನೋವು ಪೂರ್ತಿ ಹೋಗಿಲ್ಲ. ಹತ್ತಕ್ಕೆ ಎಂಟು ಇದ್ದದ್ದು ಎರಡಕ್ಕೆ ಇಳಿದಿದೆ. ಏಳುವಾಗಿನ ಆ ದಬ್ಬಣ ಮಾತ್ರ ಮಾಯ. ಸ್ಕೂಟರ್ ಓಡಿಸುತ್ತೇನೆ, ಹಂಪ್ ಬಂದರೆ ಸೀಟಿಂದ ಸ್ವಲ್ಪ ಮೇಲೇಳುತ್ತೇನೆ. ಫೋಮ್ ದಿಂಬು ಮೂರನೆಯದು ನಡೆಯುತ್ತಿದೆ. ಕಳೆದ ತಿಂಗಳು ನೆಂಟರ ಮನೆಗೆ ಹೋದಾಗ ಅದನ್ನು ಚೀಲದಿಂದ ತೆಗೆದು ಕುರ್ಚಿ ಮೇಲೆ ಹಾಕಿದೆ. "ಅದೇನೇ ಅದು?" ಅಂದರು ಚಿಕ್ಕಮ್ಮ. ಬಾಲದ ಮೂಳೆ ತೆಗೆಸಿದ್ದೀನಿ ಚಿಕ್ಕಮ್ಮ, ಅದಕ್ಕೆ ಅಂದೆ. ಅವರು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದರು, "ನಂಗೂ ಮಗಳ ಹೆರಿಗೆ ಆದಾಗಿಂದ ಅಲ್ಲೇ ನೋವು. ಆ ಫೋಮ್ ಎಲ್ಲಿ ಸಿಗುತ್ತೆ?"