ಲ್ಯಾಪ್‌ಟಾಪ್ ಕೈಕೊಟ್ಟಾಗ ಪ್ರಾಜೆಕ್ಟ್ ಉಳಿಸಿಕೊಂಡ ಬಗೆ

ಅಂತಿಮ ವರ್ಷದ ಪ್ರಾಜೆಕ್ಟಿಗಾಗಿ ನಾವು ನಾಲ್ವರು ಸೇರಿ ಪೈಥಾನ್‌ನಲ್ಲಿ ಗ್ರಂಥಾಲಯ ನಿರ್ವಹಣೆಯ ತಂತ್ರಾಂಶವೊಂದನ್ನು ಬರೆಯುತ್ತಿದ್ದ ಅವಧಿಯಲ್ಲಿ ನನ್ನ ಲ್ಯಾಪ್‌ಟಾಪ್ ಮೊದಲು ಹಾರ್ಡ್ ಡಿಸ್ಕಿನಿಂದಲೂ ಆಮೇಲೆ ರ‍್ಯಾಮ್‌ನಿಂದಲೂ ಕೆಟ್ಟಿತು. ಎರಡೂ ಸಂದರ್ಭಗಳಲ್ಲಿ ಬರೆದ ಕೆಲಸವನ್ನು ಭದ್ರಪಡಿಸಿಕೊಂಡ ನಂತರವೇ ಯಂತ್ರದ ದುರಸ್ತಿಗೆ ಕೈಹಾಕಿದ್ದರಿಂದ ಪ್ರಾಜೆಕ್ಟ್ ನಿಲ್ಲಲಿಲ್ಲ.

ಡಿಸ್ಕ್ ಕೆಡುವ ಮುನ್ನ ಸೂಚನೆಗಳಿದ್ದವು. ಚಿಕ್ಕ ಫೈಲೊಂದನ್ನು ತೆರೆದರೂ ತಡವಾಗುತ್ತಿತ್ತು, ಒಳಗಿನಿಂದ ಟಿಕ್ ಟಿಕ್ ಸದ್ದು ಬರುತ್ತಿತ್ತು, ಕೊನೆಗೆ ವಿಂಡೋಸ್ ಬೂಟ್ ಆಗುವುದೇ ನಿಂತಿತು. ಆಗ ಮತ್ತೆ ಮತ್ತೆ ಆನ್ ಮಾಡಿ ನೋಡುವ ಆಸೆ ಯಾರಿಗಾದರೂ ಬರುತ್ತದೆ. ಆದರೆ ಹಾಳಾಗುತ್ತಿರುವ ಡಿಸ್ಕಿಗೆ ಪ್ರತಿಯೊಂದು ಪ್ರಯತ್ನವೂ ಹೊರೆಯೇ. ವಿಂಡೋಸಿನ ಡಿಸ್ಕ್ ತಪಾಸಣೆಯ ಉಪಕರಣವಾದ ಚೆಕ್‌ಡಿಸ್ಕನ್ನು ಪೂರ್ಣ ರಿಪೇರಿಗೆಂದು ಓಡಿಸುವುದು ಇನ್ನೂ ಅಪಾಯಕರ, ಏಕೆಂದರೆ ಅದು ಡಿಸ್ಕನ್ನೆಲ್ಲ ಓದುವುದಲ್ಲದೆ ಅದರ ಮೇಲೆ ಬರೆಯಲೂ ಹೊರಡುತ್ತದೆ. ನಾನು ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕ್ ತಾನೇ ದಾಖಲಿಸಿಕೊಳ್ಳುವ ಆರೋಗ್ಯದ ವಿವರಗಳನ್ನು ತೋರಿಸುವ ಸ್ಮಾರ್ಟ್‌ಸಿಟಿಎಲ್ ಆಜ್ಞೆಯಿಂದ ಡಿಸ್ಕಿನ ಸ್ಥಿತಿಯನ್ನು ನೋಡಿದೆ. ಆರೋಗ್ಯವಂತ ಡಿಸ್ಕಿನಲ್ಲಿ ಸೊನ್ನೆ ಇರಬೇಕಾದ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ (ಸರಿಯಾಗಿ ಓದಲಾಗದ ಭಾಗಗಳ) ಸಂಖ್ಯೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುವಷ್ಟರಲ್ಲಿ ಏರಿತ್ತು. ಡಿಸ್ಕನ್ನು ಓದಲು ಮಾತ್ರ ಬರುವಂತೆ ಮೌಂಟ್ ಮಾಡಿ (ಲಿನಕ್ಸಿಗೆ ಜೋಡಿಸಿ) ಪ್ರಾಜೆಕ್ಟಿನ ಫೋಲ್ಡರನ್ನಷ್ಟೇ ಮೊದಲು ಹೊರತೆಗೆದೆ; ಉಳಿದದ್ದನ್ನು ಡಿಡಿರೆಸ್ಕ್ಯೂ ಮೂಲಕ ಇನ್ನೊಂದು ದೊಡ್ಡ ಡಿಸ್ಕಿಗೆ ಇಳಿಸಿದೆ. ಸುಲಭವಾಗಿ ಓದಲು ಬರುವ ಭಾಗಗಳನ್ನು ಮೊದಲು ನಕಲಿಸಿಕೊಂಡು, ಕೆಟ್ಟ ಭಾಗಗಳಿಗೆ ಕೊನೆಯಲ್ಲಿ ಮರಳುವ ಈ ಉಪಕರಣ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ನಿಂತರೂ ಮುಂದುವರಿಸಬಹುದು. ಡಿಸ್ಕಿಗೆ ವಿಂಡೋಸಿನ ಗೂಢಲಿಪೀಕರಣವಾದ ಬಿಟ್‌ಲಾಕರ್ ಹಾಕಿದ್ದರೆ ಮಾತ್ರ ರಿಕವರಿ ಕೀ ಇಲ್ಲದೆ ಇದಾವುದೂ ಫಲಿಸದು. ಆ ಕೀಯನ್ನು ಅದೇ ಯಂತ್ರದಲ್ಲಿ ಇಟ್ಟುಕೊಳ್ಳಬಾರದು.

ಹೊರಬಂದ ಫೋಲ್ಡರಿನಲ್ಲಿ ಗಿಟ್‌ನ ತಪಾಸಣಾ ಆಜ್ಞೆಯಾದ ಎಫ್‌ಎಸ್‌ಸಿಕೆ ಓಡಿಸಿದಾಗ ಅದು ಒಳಗೆ ಇಟ್ಟುಕೊಳ್ಳುವ ಕೆಲವು ಆಬ್ಜೆಕ್ಟ್‌ಗಳು (ದಾಖಲೆಗಳು) ಹಾಳಾಗಿರುವುದು ಗೊತ್ತಾಯಿತು. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ರೂಪಿಸಿದ, ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬರ ಕ್ಲೋನ್ (ನಕಲು) ಕೂಡ ಪೂರ್ಣ ಇತಿಹಾಸವನ್ನು ಹೊತ್ತಿರುತ್ತದೆ ಎಂಬುದು ಇಲ್ಲಿ ನೆರವಿಗೆ ಬಂತು. ಹಾಳಾದ ರೆಪೊಸಿಟರಿಯನ್ನು (ಕೋಡು ಮತ್ತು ಅದರ ಇತಿಹಾಸದ ಸಂಗ್ರಹವನ್ನು) ರಿಪೇರಿ ಮಾಡುತ್ತ ಕೂರದೆ, ಗೆಳತಿಯ ಯಂತ್ರದಿಂದ ಹೊಸದಾಗಿ ಕ್ಲೋನ್ ಮಾಡಿಕೊಂಡು, ಹಿಂದಿನ ಸಂಜೆ ಬರೆದು ಇನ್ನೂ ಪುಶ್ ಆಗದಿದ್ದ (ಸರ್ವರ್‌ಗೆ ಕಳುಹಿಸದಿದ್ದ) ಫೈಲುಗಳನ್ನು ಅದರ ಮೇಲೆ ಇಟ್ಟು, ಡಿಫ್ (ಬದಲಾದ ಸಾಲುಗಳ ಪಟ್ಟಿ) ನೋಡಿ ಸಾಲುಸಾಲಾಗಿ ಪರಿಶೀಲಿಸಿ ಕಮಿಟ್ ಮಾಡಿದೆ, ಅಂದರೆ ಇತಿಹಾಸಕ್ಕೆ ಸೇರಿಸಿದೆ.

ರ‍್ಯಾಮ್‌ನ ದೋಷವನ್ನು ಗುರುತಿಸುವುದು ಇದಕ್ಕಿಂತ ಕಠಿಣ, ಏಕೆಂದರೆ ಅದು ಕೋಡಿನ ದೋಷದ ವೇಷದಲ್ಲಿ ಬರುತ್ತದೆ. ಒಂದೇ ಇನ್‌ಪುಟ್ ಕೊಟ್ಟಾಗ ಕೋಡಿನ ತಪ್ಪು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ ಪ್ರೋಗ್ರಾಂ ಪ್ರತಿ ಸಲವೂ ಬೇರೆ ಬೇರೆ ಕಡೆ ಸೆಗ್‌ಮೆಂಟೇಶನ್ ಫಾಲ್ಟ್ (ತನ್ನದಲ್ಲದ ಮೆಮೊರಿಯನ್ನು ಮುಟ್ಟಿದ ದೋಷ) ಎಂದು ಬೀಳುತ್ತಿತ್ತು, ಬರೀ ಪೈಥಾನ್ ಬರೆದವರಿಗೆ ಅಪರೂಪಕ್ಕೆ ಕಾಣುವ ದೋಷವಿದು. ಒಂದೇ ಜಿಪ್ ಫೈಲ್ ಒಮ್ಮೆ ಸಿಆರ್‌ಸಿ ದೋಷ (ಒಳಗಿನ ದತ್ತಾಂಶ ಕೆಟ್ಟಿದೆ ಎಂಬ ಸೂಚನೆ) ತೋರಿಸಿ ಇನ್ನೊಮ್ಮೆ ಸರಿಯಾಗಿ ಬಿಚ್ಚಿಕೊಂಡಾಗ ಸಂಶಯ ಗಟ್ಟಿಯಾಯಿತು. ಅಂಥ ಯಂತ್ರ ಸದ್ದಿಲ್ಲದೆ ತಪ್ಪು ಬೈಟ್‌ಗಳನ್ನು ಡಿಸ್ಕಿಗೆ ಬರೆಯಬಹುದಾದ್ದರಿಂದ ಅದರಿಂದ ಕಮಿಟ್ ಮಾಡುವುದನ್ನು ತಕ್ಷಣ ನಿಲ್ಲಿಸಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ರಾತ್ರಿಯಿಡೀ ಓಡಲು ಬಿಟ್ಟೆ. ದೋಷದ ಕೆಂಪು ಸಾಲುಗಳು ಬಂದ ಮೇಲೆ ಎರಡು ರ‍್ಯಾಮ್ ಸ್ಟಿಕ್‌ಗಳನ್ನೂ ಒಂದೊಂದಾಗಿ ಒಂದೇ ಸ್ಲಾಟಿನಲ್ಲಿ ಹಾಕಿ ಪರೀಕ್ಷಿಸಿ, ಕೆಟ್ಟದ್ದನ್ನು ತೆಗೆದುಹಾಕಿದೆ. ಸ್ಲಾಟ್ ಬದಲಾಯಿಸುತ್ತ ಪರೀಕ್ಷಿಸಿದ್ದರೆ ದೋಷ ಸ್ಟಿಕ್ಕಿನದೋ ಸ್ಲಾಟಿನದೋ ತಿಳಿಯುತ್ತಿರಲಿಲ್ಲ.

ಇದಾದ ಮೇಲೆ ಯಾವ ಯಂತ್ರದಲ್ಲಾದರೂ ಬೇಗ ಎದ್ದು ನಿಲ್ಲುವಂತೆ ಪ್ರಾಜೆಕ್ಟನ್ನೇ ಅಣಿಗೊಳಿಸಿದೆವು. ಲೈಬ್ರರಿಗಳ ನಿಖರವಾದ ಆವೃತ್ತಿಗಳು, ಡೇಟಾಬೇಸ್ ಟೇಬಲ್‌ಗಳನ್ನು ಕಟ್ಟುವ ಎಸ್‌ಕ್ಯೂಎಲ್ ಫೈಲುಗಳು, ಮಾದರಿ ದತ್ತಾಂಶ, ವರದಿಯ ಕರಡು ಎಲ್ಲವೂ ರೆಪೊಸಿಟರಿಯೊಳಗೇ ಬಂದವು. ಪಾಸ್‌ವರ್ಡ್‌ಗಳಿರುವ ಫೈಲನ್ನು ಮಾತ್ರ ಹೊರಗಿಟ್ಟೆವು. ನಂತರ ಪ್ರಯೋಗಾಲಯದ ಖಾಲಿ ಕಂಪ್ಯೂಟರೊಂದರಲ್ಲಿ ಕುಳಿತು, ನಮ್ಮದೇ ರೀಡ್‌ಮಿಯಲ್ಲಿ (ಸೂಚನೆಗಳ ಫೈಲಿನಲ್ಲಿ) ಬರೆದಷ್ಟನ್ನೇ ಅನುಸರಿಸಿ ತಂತ್ರಾಂಶವನ್ನು ಆರಂಭದಿಂದ ಸ್ಥಾಪಿಸಿ ನೋಡಿದೆವು. ನೆನಪಿನಲ್ಲಷ್ಟೇ ಇದ್ದ ಹೆಜ್ಜೆಗಳು ಆಗ ಹೊರಬಿದ್ದವು, ಅವನ್ನೂ ಬರೆದು ಸೇರಿಸಿದೆವು. ಅಲ್ಲಿನ ಕಂಪ್ಯೂಟರುಗಳು ರೀಸ್ಟಾರ್ಟ್ ಆದಾಗಲೆಲ್ಲ ಉಳಿಸಿದ್ದನ್ನು ಅಳಿಸಿಹಾಕುವಂತೆ ಹೊಂದಿಸಲ್ಪಟ್ಟಿದ್ದರಿಂದ, ಏಳುವ ಮುನ್ನ ಪುಶ್ ಮಾಡಿ, ಸರ್ವರ್‌ಗೆ ಹೋಗಿದೆಯೇ ಎಂದು ಇನ್ನೊಬ್ಬರ ಯಂತ್ರದಲ್ಲಿ ಪುಲ್ ಮಾಡಿ (ಅಲ್ಲಿಂದ ಇಳಿಸಿಕೊಂಡು) ಖಚಿತಪಡಿಸಿಕೊಳ್ಳುತ್ತಿದ್ದೆವು.